ಶಿಲೆಯನ್ನು ಓದುವ ಪದವಿ

ಗದಗಿನಿಂದ ಹೋಟಗಿಯತ್ತ ಸಾಗುವ ರೈಲುಗಾಡಿ ಬಾದಾಮಿಯ ಕೆಂಬಂಡೆಗಳನ್ನು ಹಿಂದಿಕ್ಕಿ, ಬಾಗಲಕೋಟೆಯನ್ನು ದಾಟಿ, ಕೃಷ್ಣೆಯ ಸೇತುವೆಯನ್ನೇರಿದಾಗ ಪ್ರಯಾಣಿಕರೆಲ್ಲರ ದೃಷ್ಟಿಯೂ ಕಿಟಕಿಯತ್ತ ತಿರುಗುತ್ತದೆ. ನದಿಯನ್ನು ದಾಟಿದರೆ ಆಲಮಟ್ಟಿ. ವಿಜಯಪುರ ಜಿಲ್ಲೆಯ ಈ ಊರು ಬಹುಕಾಲ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು, ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಅಣೆಕಟ್ಟು ಈ ಊರಿನ ಹೆಸರನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. ಇಪ್ಪತ್ತಾರು ಬಾಗಿಲುಗಳ ಹಿಂದೆ ನಿಂತ ಜಲರಾಶಿಗೆ ಶಾಸ್ತ್ರಿಯವರ ಹೆಸರನ್ನೇ ಇಡಲಾಗಿದೆ.

ಇಂತಹ ಊರಿನಲ್ಲಿ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮುಂದೆ ಏನು ಓದಬೇಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಕಷ್ಟವಲ್ಲ. ಕಣ್ಣೆದುರಿಗೆ ಅಣೆಕಟ್ಟೆ ಇದೆ. ಅದನ್ನು ಕಟ್ಟಿದವರು ಎಂಜಿನಿಯರರು. ವಿದ್ಯುದಾಗಾರವಿದೆ, ಅದನ್ನು ನಡೆಸುವವರೂ ಅವರೇ. ಆದರೆ ಮನೆಯ ಮಗಳು ಒಂದು ದಿನ ಊಟಕ್ಕೆ ಕುಳಿತಾಗ, "ಅಪ್ಪಾ, ನಾ ಕಲೆಯ ಇತಿಹಾಸ ಓದತೀನಿ" ಎಂದರೆ ತಂದೆಯ ಕೈಯಲ್ಲಿದ್ದ ರೊಟ್ಟಿಯ ತುತ್ತು ಅರೆಗಳಿಗೆ ಅಲ್ಲಿಯೇ ನಿಂತೀತು. "ಅದನ್ನ ಓದಿ ಏನ್ ಮಾಡತೀಯವ್ವಾ?" ಎಂಬುದು ಆತನ ಮೊದಲ ಮಾತಾಗುವುದು ಸಹಜ. ಆ ಮಾತಿನಲ್ಲಿ ತಾತ್ಸಾರಕ್ಕಿಂತ ಚಿಂತೆಯೇ ಹೆಚ್ಚು. ಆದುದರಿಂದ ಆ ಪ್ರಶ್ನೆಗೆ ಸಾವಧಾನದ ಉತ್ತರ ಸಲ್ಲಬೇಕು.

ಚಿತ್ರ ಬರೆಯುವುದೇ ಬೇರೆ, ಚಿತ್ರವನ್ನು ಓದುವುದೇ ಬೇರೆ

ಕಲಾ ಇತಿಹಾಸವೆಂದರೆ ಚಿತ್ರ ಬರೆಯುವ ವಿದ್ಯೆಯೆಂದು ಭಾವಿಸುವವರು ಅನೇಕರು. ರಾಜರ ಪಟ್ಟಿಯನ್ನೂ ಯುದ್ಧಗಳ ತೇದಿಗಳನ್ನೂ ಕಂಠಪಾಠ ಮಾಡುವ ಓದೆಂದು ತಿಳಿದವರೂ ಉಂಟು. ಈ ಶಾಸ್ತ್ರದ ವ್ಯಾಪ್ತಿ ಬೇರೆ. ಮನುಷ್ಯನು ಕೈಯಿಂದ ಮಾಡಿದ ಒಂದು ರೂಪವನ್ನು, ಅದು ಗುಡಿಯಾಗಲಿ, ಮೂರ್ತಿಯಾಗಲಿ, ಗೋರಿಯಾಗಲಿ, ತಾಳೆಯೋಲೆಯ ಮೇಲಿನ ರೇಖೆಯಾಗಲಿ, ಎದುರಿಗಿಟ್ಟುಕೊಂಡು ಇದನ್ನು ಯಾರು ಮಾಡಿದರು, ಯಾವಾಗ ಮಾಡಿದರು, ಯಾರ ಹಣದಿಂದ, ಯಾವ ಉದ್ದೇಶಕ್ಕಾಗಿ, ಯಾವ ಹಿಂದಿನ ಮಾದರಿಯನ್ನು ನೋಡಿ ಮಾಡಿದರು ಎಂದು ಕ್ರಮಬದ್ಧವಾಗಿ ಕೇಳುವುದೇ ಕಲಾ ಇತಿಹಾಸ. ಇತಿಹಾಸಕಾರನಿಗೆ ಕಾಗದಪತ್ರಗಳು ಹೇಗೋ, ಕಲಾ ಇತಿಹಾಸಕಾರನಿಗೆ ವಸ್ತುವೇ ಮೊದಲ ದಸ್ತಾವೇಜು.

ಆಲಮಟ್ಟಿಗೆ ರಜೆಯಲ್ಲಿ ಬರುವ ಕುಟುಂಬಗಳು ಅಣೆಕಟ್ಟೆಯ ಬಳಿಯ ಉದ್ಯಾನಗಳಲ್ಲಿ ಸುತ್ತಾಡುತ್ತವೆ. ಅಲ್ಲಿ ಶಿಲಾ ಉದ್ಯಾನವಿದೆ, ಮೊಗಲ್ ಉದ್ಯಾನವಿದೆ, ಸಂಗೀತದ ಕಾರಂಜಿಯಿದೆ. ಮಕ್ಕಳು ಓಡುತ್ತಾರೆ, ಹಿರಿಯರು ಬುತ್ತಿಯ ಗಂಟನ್ನು ಬಿಚ್ಚುತ್ತಾರೆ. ಆದರೆ ಮೊಗಲ್ ಉದ್ಯಾನಕ್ಕೆ ಆ ಹೆಸರೇಕೆ? ನೇರವಾದ ನೀರುಗಾಲುವೆ, ಅದರ ಎರಡು ಬದಿಗೂ ಸಮನಾದ ಹಸುರು ಚೌಕಗಳು, ಈ ಏರ್ಪಾಟು ಎಲ್ಲಿಂದ ಬಂದಿತು? ಪಾರಸಿಕ ದೇಶದಲ್ಲಿ ಹುಟ್ಟಿದ ಚಾರ್‌ಬಾಗ್ ಎಂಬ ನಾಲ್ಕು ಭಾಗದ ತೋಟವು ದೆಹಲಿಯ ಹುಮಾಯೂನನ ಗೋರಿಗೂ ಆಗ್ರಾದ ತಾಜಮಹಲಿಗೂ ಬಂದು, ಕೊನೆಗೆ ಇಪ್ಪತ್ತನೆಯ ಶತಮಾನದ ಅಣೆಕಟ್ಟೆಯ ಅಂಗಳಕ್ಕೂ ಇಳಿದ ಕಥೆ ಸ್ವಾರಸ್ಯವಾದುದು. ಈ ಬಗೆಯ ಪ್ರಶ್ನೆಯನ್ನು ಕೇಳದೆ ಇರಲಾರದ ಮನಸ್ಸು ಈ ಓದಿಗೆ ತಕ್ಕ ಮನಸ್ಸು.

ಎರಡು ರೂಪ, ಒಂದು ಹೋಲಿಕೆ

ಈ ಶಾಸ್ತ್ರದ ಮುಖ್ಯ ಉಪಕರಣ ಹೋಲಿಕೆ. ಸ್ವಿಟ್ಜರ್ಲೆಂಡಿನ ಹೈನ್ರಿಖ್ ವೋಲ್ಫ್ಲಿನ್ ಎಂಬ ಪಂಡಿತರು ತರಗತಿಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಪರದೆಯ ಮೇಲೆ ಮೂಡಿಸಿ ಪಾಠ ಹೇಳುವ ಕ್ರಮಕ್ಕೆ ಹೆಸರಾಗಿದ್ದರು. ಇಂದಿಗೂ ಜಗತ್ತಿನ ಕಲಾ ಇತಿಹಾಸದ ತರಗತಿಗಳಲ್ಲಿ ಆ ಪದ್ಧತಿಯೇ ನಡೆದುಬಂದಿದೆ. ಆದರೆ ಆಲಮಟ್ಟಿಯ ವಿದ್ಯಾರ್ಥಿಗೆ ಪರದೆಯೇ ಬೇಕಿಲ್ಲ. ಪಟ್ಟದಕಲ್ಲಿನ ಒಂದೇ ಅಂಗಳದಲ್ಲಿ ಉತ್ತರದೇಶದ ರೇಖಾನಾಗರ ಶಿಖರವನ್ನು ಹೊತ್ತ ಗಳಗನಾಥ ಗುಡಿಯೂ, ದಕ್ಷಿಣದ ದ್ರಾವಿಡ ವಿಮಾನವನ್ನು ಹೊತ್ತ ವಿರೂಪಾಕ್ಷ ಗುಡಿಯೂ ನಿಂತಿವೆ. ಸ್ವಲ್ಪ ದೂರದ ಪಾಪನಾಥ ಗುಡಿಯಲ್ಲಿ ಈ ಎರಡು ರೀತಿಗಳೂ ಒಂದೇ ಕಟ್ಟಡದಲ್ಲಿ ಕೂಡಿವೆ. ೧೯೮೭ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದಕ್ಕೆ ಈ ಸಂಗಮವೇ ಮುಖ್ಯ ಕಾರಣ.

ವಿರೂಪಾಕ್ಷ ಗುಡಿಯ ಕಥೆಯನ್ನೇ ನೋಡಬಹುದು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಆತನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಅತ್ತ ಕಂಚಿಯ ಕೈಲಾಸನಾಥ ಗುಡಿಯಲ್ಲಿ ಅದೇ ಅರಸನ ಕನ್ನಡ ಶಾಸನವೊಂದಿದೆ. ಗೆದ್ದ ಅರಸನು ಆ ಗುಡಿಯ ಸಂಪತ್ತನ್ನು ಕೊಳ್ಳೆಹೊಡೆಯದೆ ದೇವರಿಗೇ ಮರಳಿಸಿದನೆಂಬುದು ಅದರ ತಾತ್ಪರ್ಯ. ಸೋತವರ ಗುಡಿಯನ್ನು ಕಂಡು ಗೆದ್ದವರು ಮೆಚ್ಚಿದರು. ಆ ಮೆಚ್ಚುಗೆ ಮಲಪ್ರಭೆಯ ದಡದಲ್ಲಿ ಕಲ್ಲಾಗಿ ನಿಂತಿತು. ಪಟ್ಟದಕಲ್ಲಿನ ಶಾಸನವು ವಿರೂಪಾಕ್ಷದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಆತನಿಗೆ ಸಂದ ಗೌರವವನ್ನೂ ನಮಗೆ ಉಳಿಸಿಕೊಟ್ಟಿದೆ. ಭಾರತದ ಶಿಲ್ಪಿಗಳು ಹೆಸರಿಲ್ಲದವರೆಂಬ ಹಳೆಯ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಹಳಗನ್ನಡದ ಲಿಪಿಯನ್ನು ಓದಬಲ್ಲ ಕನ್ನಡದ ವಿದ್ಯಾರ್ಥಿಗೆ ಇಲ್ಲಿರುವ ಅನುಕೂಲವು ಪರದೇಶದ ದೊಡ್ಡ ವಿದ್ವಾಂಸರಿಗೂ ಸುಲಭವಾಗಿ ದೊರೆಯತಕ್ಕುದಲ್ಲ.

ಹೋಲಿಕೆಯಿಂದ ಹಳೆಯ ತಪ್ಪುಗಳು ತಿದ್ದಿಕೊಳ್ಳುವುದೂ ಉಂಟು. ಐಹೊಳೆಯ ಲಾಡಖಾನ್ ಗುಡಿಯನ್ನು ಪುರಾತತ್ತ್ವ ಇಲಾಖೆಯ ಹೆನ್ರಿ ಕಝಿನ್ಸ್ ಸುಮಾರು ಕ್ರಿ.ಶ. ೪೫೦ರ ಕಟ್ಟಡವೆಂದು ಎಣಿಸಿದ್ದರು. ಬಹುಕಾಲ ಶಾಲೆಯ ಪುಸ್ತಕಗಳೂ ಅದನ್ನೇ ಹೇಳಿದವು. ಕಂಬ, ಬಾಗಿಲವಾಡ, ಮೂರ್ತಿಗಳ ರೀತಿಯನ್ನು ಬಾದಾಮಿಯ ತೇದಿಯುಳ್ಳ ಕೃತಿಗಳೊಡನೆ ಹೋಲಿಸಿ ನೋಡಿದ ಮುಂದಿನ ವಿದ್ವಾಂಸರು ಅದನ್ನು ಎರಡು ಶತಮಾನಗಳಿಗೂ ಹೆಚ್ಚು ಮುಂದಕ್ಕೆ ತಂದರು. ಬಾದಾಮಿಯ ಮೂರನೆಯ ಗುಹೆಯಲ್ಲಿ ೫೭೮ರ ಶಾಸನವಿದೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ೬೩೪ರ ಶಾಸನವಿದೆ. ಈ ಎರಡು ಗೂಟಗಳಿಗೆ ಹಗ್ಗ ಬಿಗಿದು ನಡುವಿನ ಕಾಲವನ್ನೂ ಆಚೆಯ ಕಾಲವನ್ನೂ ಅಳೆಯಬೇಕು. ಐಹೊಳೆಯ ದುರ್ಗದ ಗುಡಿಗೆ ಆ ಹೆಸರು ಬಂದುದು ದುರ್ಗಾದೇವಿಯಿಂದಲ್ಲ, ಒಮ್ಮೆ ಅದನ್ನು ಸುತ್ತಿಕೊಂಡಿದ್ದ ಕೋಟೆಯಿಂದ ಎಂಬುದನ್ನೂ ಇಂತಹ ಓದೇ ತಿಳಿಸಿತು.

ಇನ್ನು ಉತ್ತರಕ್ಕೆ ಹೊರಟರೆ ವಿಜಯಪುರ. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಗೋರಿಯಾದ ಗೋಲಗುಮ್ಮಟವನ್ನು ನೋಡಲು ಬಂದವರು ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ಪ್ರತಿಧ್ವನಿಯನ್ನು ಕೇಳಿ, ಸಂತೋಷಪಟ್ಟು ಮರಳುತ್ತಾರೆ. ಕಲಾ ಇತಿಹಾಸದ ವಿದ್ಯಾರ್ಥಿ ಕತ್ತೆತ್ತಿ, ಚೌಕನಾದ ಕೋಣೆಯ ಮೇಲೆ ದುಂಡನೆಯ ಗುಮ್ಮಟವು ಹೇಗೆ ಕುಳಿತಿತೆಂದು ನೋಡುತ್ತಾನೆ. ಒಂದನ್ನೊಂದು ಅಡ್ಡಹಾಯುವ ಎಂಟು ಕಮಾನುಗಳು ಚೌಕವನ್ನು ಕ್ರಮೇಣ ವೃತ್ತಕ್ಕೆ ತರುವ ಚಾತುರ್ಯ ಆತನಿಗೆ ಗೋಚರಿಸುತ್ತದೆ. ಸಂಗೀತಪ್ರಿಯನೂ ಸರಸ್ವತಿ ಗಣಪತಿಯರನ್ನು ತನ್ನ ಪದಗಳಲ್ಲಿ ಸ್ತುತಿಸಿದವನೂ ಆದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಬರೆದ ವರ್ಣಚಿತ್ರಗಳು ಇಂದು ದೇಶದೇಶಗಳಲ್ಲಿ ಹಂಚಿಹೋಗಿವೆ. ಅದಕ್ಕೂ ಹಿಂದಿನ, ೧೫೭೦ರ 'ನುಜೂಮ್ ಉಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ವಿಜಯಪುರದ ಚಿತ್ರವನ್ನು ಅರಿಯಲು ವಿಜಯಪುರದ ಹುಡುಗನು ಡಬ್ಲಿನ್ನಿನ ಪಟ್ಟಿಯನ್ನು ತಿರುವಬೇಕಾದುದು ಕಾಲದ ವಿಚಿತ್ರ.

ನೀರು ಏರುವ ಮುನ್ನ

ಗುಡಿಯ ವಯಸ್ಸು ತಿಳಿದರೆ ಯಾರ ಹೊಟ್ಟೆ ತುಂಬಿತೆಂದು ಕೇಳುವವರಿಗೆ ಕೃಷ್ಣಾ ನದಿಯೇ ಒಂದು ಉತ್ತರವನ್ನು ಕೊಡುತ್ತದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದ ೧೯೬೪ರಲ್ಲಿಯೇ ಈಜಿಪ್ತ್ ದೇಶದಲ್ಲಿ ನೈಲ್ ನದಿಯ ಆಸ್ವಾನ್ ಅಣೆಕಟ್ಟಿನ ನೀರಿನಿಂದ ಅಬು ಸಿಂಬೆಲ್ ಎಂಬಲ್ಲಿಯ ಎರಡು ಗುಹಾಲಯಗಳನ್ನು ಪಾರುಮಾಡುವ ಮಹತ್ಕಾರ್ಯ ನಡೆದಿತ್ತು. ಯುನೆಸ್ಕೋ ಸಂಸ್ಥೆಯ ನೇತೃತ್ವದಲ್ಲಿ ಆ ದೇಗುಲಗಳನ್ನು ಸಾವಿರಕ್ಕೂ ಮಿಕ್ಕ ತುಂಡುಗಳಾಗಿ ಕೊಯ್ದು, ಎತ್ತರದ ನೆಲೆಯಲ್ಲಿ ೧೯೬೮ರ ವೇಳೆಗೆ ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ಕಲ್ಲನ್ನು ಕೊಯ್ದವರು ಎಂಜಿನಿಯರರು. ಯಾವ ಕಲ್ಲು ಎಲ್ಲಿಯದೆಂದೂ ಯಾವುದನ್ನು ಉಳಿಸದಿದ್ದರೆ ಅರ್ಥವೇ ಕೆಡುವುದೆಂದೂ ಹೇಳಿದವರು ಪುರಾತತ್ತ್ವಜ್ಞರೂ ಕಲಾ ಇತಿಹಾಸಕಾರರೂ ಆಗಿದ್ದರು.

ಕೃಷ್ಣೆಯ ಮೇಲೆಯೂ ಇದು ನಡೆದಿದೆ. ನಾಗಾರ್ಜುನಸಾಗರಕ್ಕೆ ೧೯೫೫ರಲ್ಲಿ ಪಂಡಿತ ನೆಹರೂ ಅಡಿಗಲ್ಲಿಟ್ಟ ಕಾಲಕ್ಕೆ, ಇಕ್ಷ್ವಾಕು ಅರಸರ ರಾಜಧಾನಿಯಾಗಿದ್ದ ನಾಗಾರ್ಜುನಕೊಂಡದ ಕಣಿವೆಯಲ್ಲಿ ಉತ್ಖನನ ಭರದಿಂದ ಸಾಗಿತ್ತು. ಮುಳುಗಲಿದ್ದ ಕಟ್ಟಡಗಳಲ್ಲಿ ಆಯ್ದವನ್ನು ಬೆಟ್ಟದ ನೆತ್ತಿಗೆ ಸಾಗಿಸಿ ಪುನಃ ಕಟ್ಟಿದರು. ಆ ನೆತ್ತಿ ಇಂದು ನಡುನೀರಿನ ದ್ವೀಪ. ಮುಂದೆ ಶ್ರೀಶೈಲದ ಅಣೆಕಟ್ಟಿನಿಂದಾಗಿ ಕೃಷ್ಣಾ ತುಂಗಭದ್ರೆಯರ ಸಂಗಮದಲ್ಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ನಿಲ್ಲಿಸಲಾಯಿತು. ಅದು ಬಾದಾಮಿಯ ಚಾಲುಕ್ಯರ ಕಾಲದ ಗುಡಿ. ಅಂದರೆ ಆಲಮಟ್ಟಿಯ ನೆರೆಯ ಐಹೊಳೆಯ ಒಡಹುಟ್ಟು.

ಆಲಮಟ್ಟಿಯ ಸುತ್ತಮುತ್ತಲಿನವರಿಗೆ ಮುಳುಗಡೆಯೆಂಬ ಮಾತಿನ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಬಾಗಲಕೋಟೆಯ ಒಂದು ಭಾಗ ಹಿನ್ನೀರಿಗೆ ಸಂದು, ನವನಗರವೆಂಬ ಹೊಸ ಪಟ್ಟಣ ಎದ್ದಿತು. ಎಷ್ಟೋ ಹಳ್ಳಿಗಳವರು ಹೊಲಮನೆಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಕೆಳಗಡೆ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಬಾವಿಯಂತಹ ಗೋಡೆಯನ್ನೆಬ್ಬಿಸಿ ಕಾಪಾಡಲಾಗಿದೆ. ಎಲ್ಲರೂ ಬಲ್ಲ ಸ್ಥಳವನ್ನು ಉಳಿಸಬೇಕೆಂದು ಹೇಳುವವರು ಬಹುಮಂದಿ. ಆದರೆ ಹಳ್ಳಿಯ ಅಗಸೆಯ ಬಳಿಯ ವೀರಗಲ್ಲು, ಹಾಳುಗುಡಿಯ ಬಾಗಿಲವಾಡ, ಹಳೆಯ ವಾಡೆಯ ಕೆತ್ತನೆಯ ಕಂಬ, ಇವುಗಳ ಪರವಾಗಿ ಮಾತನಾಡುವವರು ಯಾರು? ಅದರ ಬೆಲೆಯನ್ನು ಓದಿ ತಿಳಿದವನೊಬ್ಬನು ಆ ಊರಿನಲ್ಲಿಯೇ ಇದ್ದರೆ, ನೀರು ಏರುವ ಮುನ್ನ, ರಸ್ತೆ ಅಗಲವಾಗುವ ಮುನ್ನ, ಒಂದು ಅಳತೆ, ಒಂದು ಛಾಯಾಚಿತ್ರವಾದರೂ ಉಳಿದೀತು.

ಒಂದು ಛಾಯಾಚಿತ್ರದಿಂದ ಏನಾದೀತೆಂಬುದಕ್ಕೂ ದೃಷ್ಟಾಂತವುಂಟು. ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ಗುಡಿಯಿಂದ ಕಳುವಾದ ಚೋಳರ ಕಾಲದ ನಟರಾಜ ಮೂರ್ತಿಯನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ ೨೦೦೮ರಲ್ಲಿ ಕೊಂಡಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಭಂಡಾರದಲ್ಲಿದ್ದ ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿದಾಗ ಮೂರ್ತಿಯ ಗುರುತು ಸಿಕ್ಕಿತು. ೨೦೧೪ರಲ್ಲಿ ನಟರಾಜನು ಸ್ವದೇಶಕ್ಕೆ ಮರಳಿದನು. ಎಂದೋ ಒಬ್ಬರು ಹಳ್ಳಿಯ ಗುಡಿಗೆ ಹೋಗಿ ತಾಳ್ಮೆಯಿಂದ ತೆಗೆದ ಚಿತ್ರವು ದಶಕಗಳ ಮೇಲೆ ಸಾಕ್ಷಿ ನುಡಿಯಿತು.

ಕಲಿಯುವುದೆಲ್ಲಿ?

ವಿಶ್ವವಿದ್ಯಾಲಯದ ಶಾಸ್ತ್ರವಾಗಿ ಕಲಾ ಇತಿಹಾಸವು ಹೆಚ್ಚು ಹಳೆಯದಲ್ಲ. ಜರ್ಮನಿಯ ಗೊಟಿಂಗೆನ್ನಿನಲ್ಲಿ ೧೮೧೩ರಲ್ಲಿ ಫಿಯೊರಿಲ್ಲೊ ಎಂಬುವರು ಈ ವಿಷಯದ ಪ್ರಾಧ್ಯಾಪಕರಾದರು. ಲಂಡನ್ನಿನ ಪ್ರಸಿದ್ಧ ಕೋರ್ಟಾಲ್ಡ್ ಸಂಸ್ಥೆ ಹುಟ್ಟಿದುದು ೧೯೩೨ರಲ್ಲಿ. ಭಾರತವು ಆ ವೇಳೆಗೆ ಹಿಂದೆ ಬಿದ್ದಿರಲಿಲ್ಲ. ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ೧೯೨೧ರಲ್ಲಿ ಬಾಗೇಶ್ವರಿ ಪೀಠ ಸ್ಥಾಪಿತವಾಗಿ ಅವನೀಂದ್ರನಾಥ ಠಾಕೂರರು ಅದರ ಮೊದಲ ಪ್ರಾಧ್ಯಾಪಕರಾದರು. ಅಲ್ಲಿಯೇ ಮುಂದೆ ಪಾಠ ಹೇಳಿದ ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿ ಬಾದಾಮಿ ಗುಹೆಯ ಮಾಸಿದ ಭಿತ್ತಿಚಿತ್ರಗಳ ಕಡೆಗೆ ವಿದ್ವಲ್ಲೋಕದ ಗಮನವನ್ನು ಸೆಳೆದರು.

ಇಂದು ಪದವಿಯ ಮಟ್ಟದಲ್ಲಿಯೇ ಕಲಾ ಇತಿಹಾಸವನ್ನು ಮುಖ್ಯ ವಿಷಯವಾಗಿ ಕಲಿಸುವ ಸಂಸ್ಥೆಗಳು ದೇಶದಲ್ಲಿ ವಿರಳ. ಅವುಗಳಲ್ಲಿ ಬರೋಡಾದ ಮಹಾರಾಜಾ ಸಯ್ಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವೂ, ೧೯೧೯ರಲ್ಲಿ ಆರಂಭವಾದ ಶಾಂತಿನಿಕೇತನದ ಕಲಾಭವನವೂ ಹೆಸರಾದವು. ಕರ್ನಾಟಕದಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಮೊದಲಾದೆಡೆ ದೃಶ್ಯಕಲಾ ಪದವಿಯನ್ನು ಓದುವವರೆಲ್ಲರೂ ಕಲೆಯ ಇತಿಹಾಸವನ್ನು ಅಭ್ಯಸಿಸುತ್ತಾರೆ. ಮತ್ತೊಂದು ದಾರಿಯೂ ಉಂಟು. ಹತ್ತಿರದ ಕಾಲೇಜಿನಲ್ಲಿ ಇತಿಹಾಸ, ಕನ್ನಡ ಅಥವಾ ಸಂಸ್ಕೃತವನ್ನು ತೆಗೆದುಕೊಂಡು ಬಿ.ಎ. ಮುಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಹಾಗೂ ಶಾಸನಶಾಸ್ತ್ರವನ್ನೋ, ದೆಹಲಿ ಬರೋಡಾಗಳಲ್ಲಿ ಕಲಾ ಇತಿಹಾಸದ ಎಂ.ಎ.ಯನ್ನೋ ಓದುವುದು. ಹೊಯ್ಸಳ ದೇವಾಲಯಗಳ ಮೇಲೆ ಅಧಿಕಾರವಾಣಿಯಿಂದ ಬರೆದ ಷ. ಶೆಟ್ಟರ್ ಅವರು (೧೯೩೫-೨೦೨೦) ಹಂಪಸಾಗರದಲ್ಲಿ ಹುಟ್ಟಿ, ಧಾರವಾಡದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿ, ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಕ್ಷ ಪದವಿಯವರೆಗೆ ಏರಿದುದು ಇಂತಹ ದಾರಿಯಿಂದಲೇ.

ಓದಿನಲ್ಲಿ ಇರುವುದೇನು? ಭಾರತೀಯ, ಪಾಶ್ಚಾತ್ಯ ಮತ್ತು ಪೂರ್ವದೇಶಗಳ ಕಲೆಯ ಪರಿಚಯ, ಮೂರ್ತಿಶಾಸ್ತ್ರ, ರಸಸಿದ್ಧಾಂತವೂ ವಿಷ್ಣುಧರ್ಮೋತ್ತರದ ಚಿತ್ರಸೂತ್ರವೂ ಒಳಗೊಂಡ ಸೌಂದರ್ಯಮೀಮಾಂಸೆ, ವಸ್ತುಸಂಗ್ರಹಾಲಯದ ಕ್ರಮ, ಎಲ್ಲಕ್ಕೂ ಮಿಗಿಲಾಗಿ, ಕಂಡುದನ್ನು ಕಂಡಂತೆ ಬರೆಯುವ ಶಿಕ್ಷಣ. ವಿದ್ಯಾರ್ಥಿಯನ್ನು ಒಂದು ಮೂರ್ತಿಯ ಮುಂದೆ ಗಂಟೆಗಟ್ಟಲೆ ಕೂರಿಸಿ, ಕೈಗಳೆಷ್ಟು, ಭಂಗಿ ಯಾವುದು, ಒಡವೆ ಎಂತಹದು, ಕಲ್ಲು ಯಾವ ಜಾತಿಯದು, ಭಗ್ನವಾದ ಭಾಗ ಯಾವುದು ಎಂದು ಬರೆಯಿಸುತ್ತಾರೆ. 'ಅದ್ಭುತ', 'ಮನೋಹರ' ಎಂಬ ಮಾತುಗಳಿಗೆ ಅಲ್ಲಿ ಅಂಕ ಸಿಕ್ಕುವುದಿಲ್ಲ. ನೋಡುವುದು ಸುಲಭವೆಂದು ತಿಳಿದು ಬಂದವನಿಗೆ ಮೊದಲ ವರ್ಷದಲ್ಲಿಯೇ ನೋಡುವುದರ ಕಷ್ಟ ಅರಿವಾಗುತ್ತದೆ.

ಅನ್ನದ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೂ ತಂದೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಅದು ಆಲಮಟ್ಟಿಯ ತಂದೆಯೊಬ್ಬನದೇ ಪ್ರಶ್ನೆಯಲ್ಲ. ೨೦೧೪ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅವರು, ಕಲಾ ಇತಿಹಾಸದ ಪದವಿಗಿಂತ ಕಾರ್ಖಾನೆಯ ಕುಶಲ ಕೆಲಸವನ್ನು ಕಲಿತವರು ಹೆಚ್ಚು ಸಂಪಾದಿಸಬಲ್ಲರೆಂಬ ಅರ್ಥದ ಮಾತನ್ನಾಡಿದರು. ಆ ವಿಷಯದ ಅಧ್ಯಾಪಕಿಯೊಬ್ಬರು ಆಕ್ಷೇಪಿಸಿ ಬರೆದಾಗ ಅಧ್ಯಕ್ಷರು ಸ್ವಹಸ್ತದಿಂದ ಕ್ಷಮಾಪಣೆಯ ಪತ್ರವನ್ನು ಬರೆದು ಕಳುಹಿಸಿದರು. ೨೦೧೬ರಲ್ಲಿ ಇಂಗ್ಲೆಂಡಿನಲ್ಲಿ ಪದವಿಪೂರ್ವ ಪರೀಕ್ಷೆಯಿಂದ ಈ ವಿಷಯವೇ ಮಾಯವಾಗುವ ಸಂದರ್ಭ ಒದಗಿ, ವಿದ್ವಾಂಸರ ಪ್ರತಿಭಟನೆಯ ಮೇಲೆ ಇನ್ನೊಂದು ಪರೀಕ್ಷಾ ಮಂಡಳಿ ಅದನ್ನು ಉಳಿಸಿಕೊಂಡಿತು. ಕ್ಷಮೆ ಸಂದಿತು, ವಿಷಯ ಉಳಿಯಿತು. ಸಂಪಾದನೆಯ ಮಾತು ಮಾತ್ರ ಸುಳ್ಳಾಗಲಿಲ್ಲ.

ಆದುದರಿಂದ ಪ್ರಾಮಾಣಿಕವಾಗಿ ಹೇಳಬೇಕಾದುದು ಇಷ್ಟು: ಬರಿಯ ಮೊದಲ ಪದವಿಯಿಂದ ಕೂಡಲೆ ಕೆಲಸ ದೊರೆಯುವುದು ಕಷ್ಟ. ಎಂ.ಎ. ಬೇಕು, ಅಧ್ಯಾಪಕನಾಗಬೇಕಾದರೆ ಮುಂದಿನ ಅರ್ಹತಾ ಪರೀಕ್ಷೆಗಳೂ ಸಂಶೋಧನೆಯೂ ಬೇಕು. ಪುರಾತತ್ತ್ವ ಇಲಾಖೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಹುದ್ದೆಗಳು ಕೆಲವೇ, ಅರ್ಜಿಗಳು ಹಲವು. ಖಾಸಗಿ ಕಲಾಶಾಲೆ, ಹರಾಜು ಸಂಸ್ಥೆ, ಗ್ರಂಥ ಪ್ರಕಾಶನ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆ, ಪ್ರವಾಸೋದ್ಯಮ, ಪತ್ರಿಕೆ, ಇವೆಲ್ಲವೂ ದಾರಿಗಳೇ; ಆದರೆ ಬಹುಪಾಲು ಮಹಾನಗರಗಳ ದಾರಿಗಳು. ಇಂಗ್ಲಿಷಿನ ಬಲವಿಲ್ಲದೆ ಅಲ್ಲಿ ಹೆಜ್ಜೆ ಇಡುವುದು ಸುಲಭವಲ್ಲ. ಮನೆಯ ಸಾಲವನ್ನು ತೀರಿಸಲು ಮೂರೇ ವರ್ಷದಲ್ಲಿ ಸಂಬಳ ತರಬೇಕಾದ ಮಗನಿಗೆ ಈ ಹಾದಿಯನ್ನು ತೋರಿಸುವುದು ನ್ಯಾಯವಾಗಲಾರದು. ಐದಾರು ವರ್ಷ ಕಾಯಬಲ್ಲ ಮನೆ, ಓದಿನಲ್ಲಿ ಹಿಂದೆಗೆಯದ ಮಗು, ಎರಡು ಮೂರು ಭಾಷೆಗಳ ಬಲ, ಇವು ಕೂಡಿದಲ್ಲಿ ಇದು ಹುಚ್ಚುಸಾಹಸವೂ ಅಲ್ಲ.

ಪದವಿಯಿಲ್ಲದೆಯೂ ಈ ಕಣ್ಣನ್ನು ಸಂಪಾದಿಸಿದವರು ನಮ್ಮಲ್ಲಿದ್ದಾರೆ. ಕಾಲೇಜನ್ನು ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ಚಾಲುಕ್ಯ ಶಿಲ್ಪವನ್ನು ಕುರಿತು ಕನ್ನಡದಲ್ಲಿ ಬರೆದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಯೋಲೆಗಳನ್ನು ಕೂಡಿಸಿ ವಚನ ಸಾಹಿತ್ಯವನ್ನು ಬೆಳಕಿಗೆ ತಂದರು. ಆದರೆ ಅಂತಹವರು ಅಪರೂಪ. ಒಂದು ನಾಡು ತನ್ನ ಗುಡಿಗೋಪುರಗಳ ಅರಿವನ್ನು ಅಪರೂಪದವರ ಭಾಗ್ಯಕ್ಕೆ ಬಿಟ್ಟುಕೊಡಲಾಗದು. ಕ್ರಮವಾಗಿ ಕಲಿತವರೂ ಇರಬೇಕು. ಚಾಲುಕ್ಯ ವಾಸ್ತುವನ್ನು ಕುರಿತ ಕಝಿನ್ಸರ ದೊಡ್ಡ ಗ್ರಂಥ ೧೯೨೬ರಲ್ಲಿ ಬಂದಿತು, ವಿಜಯಪುರದ ಕಟ್ಟಡಗಳ ಮೇಲಿನದು ಅದಕ್ಕೂ ಹತ್ತು ವರ್ಷ ಮೊದಲು. ಅವೆರಡೂ ಹೊರಗಿನವರ ಕಣ್ಣಿನಿಂದ ಕಂಡು ಇಂಗ್ಲಿಷಿನಲ್ಲಿ ಬರೆದವು. ಕೃಷ್ಣೆಯ ದಡದಲ್ಲಿ ಹುಟ್ಟಿ ಬೆಳೆದವರು ಬರೆಯತಕ್ಕುದು ಇನ್ನೂ ಬೇಕಾದಷ್ಟು ಉಳಿದಿದೆ.

ನಿರ್ಧಾರಕ್ಕೆ ಮೊದಲು ತಂದೆತಾಯಿಗಳು ಮಾಡಬಹುದಾದ ಪರೀಕ್ಷೆಯೊಂದಿದೆ. ಅದಕ್ಕೆ ಶುಲ್ಕ ಬಹಳವಿಲ್ಲ. ಒಂದು ಭಾನುವಾರ ಮಗಳನ್ನು ಐಹೊಳೆಗೆ ಕರೆದುಕೊಂಡು ಹೋಗಬೇಕು. ಮತ್ತೊಂದು ಭಾನುವಾರ ಗೋಲಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ. ಕೈಗೆ ಒಂದು ನೋಟುಪುಸ್ತಕವನ್ನೂ ಸೀಸದಕಡ್ಡಿಯನ್ನೂ ಕೊಟ್ಟು, ಒಂದೇ ಕಂಬವನ್ನು ಕುರಿತು ಎರಡು ಪುಟ ಬರೆಯಲು ಹೇಳಬೇಕು. ಅರ್ಧ ಗಂಟೆಯಲ್ಲಿ ಬೇಸತ್ತು ನೆರಳಿಗೆ ಬಂದರೆ ಬೇರೆ ವಿಷಯವನ್ನು ಯೋಚಿಸಬಹುದು. ಬಸ್ಸಿನ ಹೊತ್ತಾಯಿತೆಂದು ತಾಯಿ ಮೂರು ಸಲ ಕರೆದರೂ ಕಂಬದ ಬಳಿಯಿಂದ ಏಳದಿದ್ದರೆ, ಅರ್ಜಿಯ ನಮೂನೆಯನ್ನು ತರಿಸುವುದು ಒಳ್ಳೆಯದು.